ಅಜ್ಜಿಗೆ ಸಿಕ್ಕದ್ದ ಓಟು

ಮೊನ್ನೆ ಆಗಸ್ಟ್ 3ಕ್ಕೆ ಆಟಿ ಹದಿನೆಂಟು. ಕೊಡಗಿಲಿ ಇಪ್ಪೋರಿಂಗೆ ಹೇಳೆಕ್ಕು ಹೇಳಿ ಇಲ್ಲೆ, ಘಟ್ಟದ ಕೆಳ ಇಪ್ಪ ಅಕ್ಕಂದ್ರಿಂಗೆ ಹೇಳ್ತೆ. ಆ ದಿನ ಇಲ್ಲಿ ಮದ್ದುಸೊಪ್ಪಿನ ಪಾಯಸ ಮಾಡುದು ಕ್ರಮ. ಆ ಸೊಪ್ಪಿಲಿ ಆ ಒಂದು ದಿನ ಹದಿನೆಂಟು ನಮೂನೆ ಮದ್ದು ಸೇರಿರ್ತು ಹೇಳಿ ನಂಬಿಕೆ. ಸೊಪ್ಪು ಬೇಶಿದ ನೀರು ನೇರಳೆ ಬಣ್ಣಕ್ಕೆ ಬತ್ತು, ಪಾಯಸವುದೇ ಅದೇ ಬಣ್ಣ. ಮರದಿನ ಉದಿಯಪ್ಪಗ ಬಚ್ಚಲಿಲಿ ಬಣ್ಣ ಕಂಡು ಹೆದರೆಡಿ, ಅಷ್ಟೆ.

ಆಚಕರೆ ಗೌಡ್ರ ಮನೆ ಅಕ್ಕ ಒಂದು ಡಬ್ಬಿ ಪಾಯಸ ಹಿಡ್ಕೊಂಡು ಮಳೆಲಿ ಚೆಂಡಿ ಆಗಿ ಬಂತು. ಕರೆಂಟು ಹೋಗಿ ಎರಡು ದಿನ ಆಗಿತ್ತು. ಟಿ.ವಿ. ಇಲ್ಲೆ, ಮೊಬೈಲಿಲಿ ಚಾರ್ಜಿಲ್ಲೆ. ಗೆಂಡುಮಕ್ಕೊ ಜೆಗಿಲಿಲಿ, ಎಂಗೊ ಒಲೆ ಬುಡಲ್ಲಿ. ಮಾತಾಡ್ಲೆ ಕರೆಂಟು ಬೇಡನ್ನೆ. ಹಲಸಿನಕಾಯಿ ಹಪ್ಪಳ ಸುಟ್ಟುಗೊಂಡು ಲೋಕದ ಸುದ್ದಿ ಪೂರಾ ಮಾತಾಡಿ ಮುಗುಶಿದೆಯೊ°.

ಆ ವಾರವೇ ಅಮೇರಿಕದ ಟ್ರಂಪ್ ನಮ್ಮ ದೇಶದ ಸಾಮಾನಿಂಗೆ ಶೇಕಡಾ 25, ಬ್ರೆಜಿಲಿನ ಸಾಮಾನಿಂಗೆ ಶೇಕಡಾ 50 ಸುಂಕ ಹೇಳಿ ಹೇಳಿದ್ದು. ಬ್ರೆಜಿಲಿನ ಕಾಫಿ ಅಮೇರಿಕಕ್ಕೆ ಹೋಗದ್ರೆ ನಮ್ಮ ಕಾಫಿಗೆ ಕ್ರಯ ಏರುಗೋ ಇಳಿಗೋ ಹೇಳಿ ಗೌಡ್ರ ಅಕ್ಕನ ಪ್ರಶ್ನೆ. ಅದಕ್ಕೆ ಮೇಗಾಣ ಊರಿಲಿ ರಜ ಕಾಫಿ ತೋಟ ಇದ್ದು, ಕೇಳದ್ದೆ ಕಳಿಯ. ಎನಗೆ ಉತ್ತರ ಗೊಂತಿಲ್ಲೆ. ಆದರೆ ಕೊಡಗಿನ ಹೆಮ್ಮಕ್ಕೊಗೆ ಪರದೇಶದ ಸುದ್ದಿ ಎಂತಗೆ ಹೇಳುವವು ಒಂದರಿ ಹಳಬ್ಬರ ಹತ್ತರೆ ಕೇಳೆಕ್ಕು. 1975ಲ್ಲಿ ಬ್ರೆಜಿಲಿಲಿ ಹಿಮ ಬಿದ್ದು ಕಾಫಿ ಗೆಡುಗೊ ಕರಂಚಿ ಹೋದ್ದು, ಅದರ ಮತ್ತೆ ಲೋಕಲ್ಲಿಡೀ ಕಾಫಿ ಕ್ರಯ ಹಾರಿದ್ದು. ಎಲ್ಲಿಯೋ ಬಿದ್ದ ಹಿಮ ಇಲ್ಲಿಯಾಣ ಮದುವೆ ಚಿನ್ನದ ಲೆಕ್ಕ ಬದಲುಸುತ್ತು ಹೇಳಿ ಇಲ್ಯಾಣ ಹೆಮ್ಮಕ್ಕೊಗೆ ಆರೂ ಹೇಳಿಕೊಡೆಕ್ಕು ಹೇಳಿ ಇಲ್ಲೆ.

ಅದರ ಮತ್ತೆ ಮಾತು ಬಿಹಾರಕ್ಕೆ ಹೋತು. ಆಗಸ್ಟ್ 1ಕ್ಕೆ ಅಲ್ಯಾಣ ಮತದಾರರ ಕರಡು ಪಟ್ಟಿ ಬಂತನ್ನೆ, ಅದರಲ್ಲಿ ಹತ್ತತ್ರ 65 ಲಕ್ಷ ಹೆಸರು ಇಲ್ಲೆ. ಸತ್ತವು, ಊರು ಬಿಟ್ಟವು, ಎರಡು ಕಡೆ ಹೆಸರಿಪ್ಪವು ಹೇಳಿ ಆಯೋಗ ಹೇಳ್ತು. ಬದುಕ್ಕಿಪ್ಪೋರ ಹೆಸರೂ ಹೋಯಿದು ಹೇಳಿ ಇನ್ನೊಂದು ಹೊಡೆಯವು ಹೇಳ್ತವು. ನಿಜ ಯೇವದು ಹೇಳಿ ಚೆಂಬುವಿಲಿ ಕೂದುಗೊಂಡು ಆನು ಹೇಳ್ಲೆ ಎಡಿಯ. ಆದರೆ ಆ ಅಂಕೆ ಕೇಳುವಗ ಎನಗೆ ಅಜ್ಜಿಯ ನೆಂಪಾತು.

ಜೆಗಿಲಿಲಿ ಬೇರೆಯೇ ಬೊಬ್ಬೆ. ಲೋಕಸಭೆಯ ಸೀಟು ಜನಸಂಖ್ಯೆ ನೋಡಿ ಪುನಾ ಹಂಚುತ್ತವಡ, ಕರ್ನಾಟಕಕ್ಕೆ ನಷ್ಟ ಅಡ ಹೇಳಿ. ಇಂಗ್ಲೀಷಿಲಿ ಡಿಲಿಮಿಟೇಶನ್ನು ಹೇಳ್ತವು. ಮಾರ್ಚಿಲಿ ಚೆನ್ನೈಲಿ ಸ್ಟಾಲಿನ್ ಕರದ ಮೀಟಿಂಗಿಂಗೆ ನಮ್ಮ ಡಿ.ಕೆ. ಶಿವಕುಮಾರ್‌ದೇ ಹೋಗಿತ್ತಿದ್ದವು. ದಕ್ಷಿಣದ ಯೇವ ರಾಜ್ಯಕ್ಕೂ ಒಂದು ಸೀಟೂ ಕಮ್ಮಿ ಆಗ ಹೇಳಿ ಅಮಿತ್ ಶಾ ಹೇಳಿದ್ದವು. ಈಗ ಕರ್ನಾಟಕಕ್ಕೆ 28 ಸೀಟು. ಅದು 1971ರ ಜನಗಣತಿಯ ಲೆಕ್ಕ. 1976ಲ್ಲಿ ಸಂವಿಧಾನ ತಿದ್ದುಪಡಿ ಮಾಡಿ ಆ ಲೆಕ್ಕವ ಹಾಂಗೇ ನಿಲ್ಲುಸಿದವು, 2001ಲ್ಲಿ ಪುನಾ ಮುಂದೆ ಹಾಕಿದವು. ಇನ್ನು 2027ಲ್ಲಿ ಜನಗಣತಿ ಆವ್ತು, ಅದರ ಮತ್ತೆ ಎಂತ ಅಕ್ಕು ಹೇಳಿ ಎಲ್ಲೋರಿಂಗೂ ಹೆದರಿಕೆ. ಮಕ್ಕೊ ಕಮ್ಮಿ ಸಾಕು ಹೇಳಿ ಸರಕಾರ ಹೇಳಿದ ಹಾಂಗೆ ಕೇಳಿದೋರಿಂಗೆ ಸೀಟು ಕಮ್ಮಿ, ಕೇಳದ್ದೋರಿಂಗೆ ಹೆಚ್ಚು ಹೇಳಿರೆ ಅದೆಂತ ನ್ಯಾಯ ಹೇಳಿ ಎಂಗಳ ಮನೆಯವರ ವಾದ. ಬಂದ ನೆಂಟ ಒಬ್ಬ, ಬೆಂಗ್ಳೂರಿನವ, ಒಪ್ಪ. ತಲಗೊಂದು ಓಟು ಹೇಳಿದ ಮತ್ತೆ ತಲೆ ಎಲ್ಲಿ ಹೆಚ್ಚಿದ್ದೋ ಅಲ್ಲಿಗೆ ಸೀಟು ಹೆಚ್ಚು, ಅದರಲ್ಲಿ ಎಂತ ತಪ್ಪು ಹೇಳಿ.

ಆನು ಚಾಯ ಕೊಂಡೋಗಿ ಮಡುಗುವಗ, "ಕರ್ನಾಟಕಕ್ಕೆ ಈಗ ಬಂದ ಹೆದರಿಕೆ ಕೊಡಗಿಂಗೆ ಎಪ್ಪತ್ತು ವರ್ಷ ಹಿಂದೆಯೇ ಬಂದು ಹೋಯಿದು" ಹೇಳಿದೆ. ಆ ನೆಂಟ, "ಅತ್ತಿಗೆ ರಾಜಕೀಯವೂ ಮಾತಾಡ್ತು!" ಹೇಳಿ ನೆಗೆ ಮಾಡಿದ. ಹಾಂಗಾಗಿ ಇದರ ಬರೆತ್ತಾ ಇದ್ದೆ. ಅವಂಗೆ ಹೇಳ್ಲೆ ಚಾಯ ತಣಿವ ಮದಲು ಪುರುಸೊತ್ತಾಯಿದಿಲ್ಲೆ.

ಎನ್ನ ಅಪ್ಪನ ಮನೆ ಸುಳ್ಯ ಹೊಡೆಲಿ. ಪಿಯುಸಿ ಮುಗುಶಿ, ಮದುವೆ ಆಗಿ ಇಲ್ಲಿಗೆ ಬಪ್ಪಗ, "ಕೂಸಿನ ಕೊಡಗಿಂಗೆ ಕೊಟ್ಟತ್ತು" ಹೇಳಿ ಅಲ್ಲಿ ಎಲ್ಲೋರೂ ದೂರದ ದೇಶಕ್ಕೆ ಕಳುಸಿದ ಹಾಂಗೆ ಮಾತಾಡಿದವು. ಮಧ್ಯಲ್ಲಿ ಇಪ್ಪದು ಸಂಪಾಜೆ. ಸಂಪಾಜೆಯೇ ಎರಡಿದ್ದು, ಒಂದು ಕೊಡಗು ಸಂಪಾಜೆ, ಮತ್ತೊಂದು ದಕ್ಷಿಣ ಕನ್ನಡ ಸಂಪಾಜೆ. ಅದೇ ಮಳೆ, ಅದೇ ಅಡಕ್ಕೆ, ಅದೇ ಕೊಳೆರೋಗ. ಗೆರೆ ಮಾತ್ರ ಮಧ್ಯಲ್ಲಿ.

ಆ ಗೆರೆಯುದೇ ಮದಲು ಅಲ್ಲಿ ಇತ್ತಿಲ್ಲೆ. ಸುಳ್ಯ, ಪುತ್ತೂರು ಹೊಡೆ ಕೊಡಗಿನ ಅರಸುಗಳ ಕೈಲಿ ಇತ್ತು. 1834ಲ್ಲಿ ಬ್ರಿಟಿಷರು ಚಿಕ್ಕವೀರರಾಜೇಂದ್ರನ ಇಳುಸಿ ಕೊಡಗಿನ ತೆಕ್ಕೊಂಡವು. ತೆಕ್ಕೊಂಡಿಕ್ಕಿ ಘಟ್ಟದ ಕೆಳಾಣ ಈ ಜಾಗೆಯ ಕತ್ತರುಸಿ ಕೆನರಾ ಜಿಲ್ಲೆಗೆ ಸೇರುಸಿದವು. ಅಷ್ಟು ದಿನ ಬೆಳೆದ ಬೆಳೆಲಿ ಪಾಲು ಕೊಟ್ಟುಗೊಂಡಿದ್ದ ರೈತರು ಇನ್ನು ಪೈಸೆಲೇ ತೀರ್ವೆ ಕಟ್ಟೆಕ್ಕು ಹೇಳಿ ಆತು. ಪೈಸೆ ಎಲ್ಲಿದ್ದು? 1837ರ ದಂಗೆ, ನಾವು ಅಮರ ಸುಳ್ಯದ ದಂಗೆ ಹೇಳ್ತ, ಕೆಲವು ಜನ ಕಲ್ಯಾಣಪ್ಪನ ಕಾಟಕಾಯಿ ಹೇಳ್ತವು, ಅದು ಎದ್ದದಕ್ಕೆ ಇದೂ ಒಂದು ಕಾರಣ. ಕೆದಂಬಾಡಿ ರಾಮಯ್ಯ ಗೌಡ್ರ ಕೂಟ ಸುಳ್ಯಂದ ಹೆರಟು ಮಂಗಳೂರಿನವರೆಗೆ ಹೋಗಿ ಬಾವುಟಗುಡ್ಡೆಲಿ ಬಾವುಟ ಹಾರ್ಸಿದವು. ಅಕೇರಿಗೆ ಗುಡ್ಡೆಮನೆ ಅಪ್ಪಯ್ಯ ಗೌಡ್ರ ಮಡಿಕೇರಿಲಿ ಗಲ್ಲಿಂಗೆ ಹಾಕಿದವು. ಗೆರೆ ಎಳದೋರು ಅಲ್ಯಾಣ ಜನರ ಒಂದು ಮಾತು ಕೇಳಿದ್ದವಿಲ್ಲೆ ಹೇಳುದು ಈ ಕತೆಲಿ ಎನ್ನ ಮನಸ್ಸಿಂಗೆ ಹೋದ ವಿಷಯ.

ಬ್ರಿಟಿಷರ ಕಾಲಲ್ಲಿ ಕೊಡಗು ಅದರಷ್ಟಕ್ಕೇ ಒಂದು ಪ್ರಾಂತ್ಯ. 1924ಲ್ಲಿ ಒಂದು ಶಾಸನ ಸಭೆಯೂ ಬಂತು, ಆದರೆ ಅಂಬಗ ಆಸ್ತಿ, ತೀರ್ವೆ ಇಪ್ಪೋರಿಂಗೆ ಮಾತ್ರ ಓಟು. ಎಲ್ಲೋರಿಂಗೂ ಓಟು ಹೇಳಿ ಬಂದದು ಸ್ವಾತಂತ್ರ್ಯ ಸಿಕ್ಕಿದ ಮತ್ತೆ.

ಅಂಬಗ ರಾಜ್ಯಂಗಳ ಎ, ಬಿ, ಸಿ ಹೇಳಿ ವರ್ಗ ಮಾಡಿತ್ತಿದ್ದವು. ಶಾಲೆಲಿ ಮಕ್ಕಳ ಕೂರುಸಿದ ಹಾಂಗೆ. ಕೊಡಗು ಸಿ ವರ್ಗ. ಅಜ್ಮೀರ, ಭೋಪಾಲ, ದೆಲ್ಲಿ, ಹಿಮಾಚಲ ಎಲ್ಲ ಅದೇ ಬೆಂಚಿಲಿ. ಜನಸಂಖ್ಯೆ ಎರಡೂ ಕಾಲು ಲಕ್ಷಂದ ರಜ ಹೆಚ್ಚು, ಅಷ್ಟೆ. ಆದರೆ 1952ಲ್ಲಿ ಚುನಾವಣೆ ಅಪ್ಪಗ ಮಡಿಕೇರಿಲಿ ನಮ್ಮದೇ ವಿಧಾನಸಭೆ, ಅದಕ್ಕೆ 24 ಜನ ಸದಸ್ಯರು! ಕಾಂಗ್ರೆಸ್ಸಿಂದ 15 ಜನ ಗೆದ್ದವು, ಪಕ್ಷೇತರರು 9 ಜನ. ಕೊಡಗು ಪ್ರತ್ಯೇಕ ಒಳಿಯೆಕ್ಕು ಹೇಳುವವು ಪಂದ್ಯಂಡ ಬೆಳ್ಯಪ್ಪನವರ ಹಿಂದೆ ಇತ್ತಿದ್ದವು. ಅವರ ಗುರ್ತ ತಕ್ಕಡಿ, ಹಾಂಗಾಗಿ ತಕ್ಕಡಿ ಪಾರ್ಟಿ ಹೇಳಿಯೇ ಜನ ಹೇಳುದು. ಬೆಳ್ಯಪ್ಪನವು ಗಾಂಧಿವಾದಿ, ಜೈಲಿಂಗೆ ಹೋಗಿ ಬಂದವು. ಚೆಪ್ಪುಡಿರ ಪೂಣಚ್ಚನವು ಮುಖ್ಯಮಂತ್ರಿ ಆದವು. ಮಂತ್ರಿಮಂಡಲ ಹೇಳಿರೆ ಎರಡೇ ಜನ, ಅವು ಮತ್ತೆ ಕುತ್ತೂರು ಮಲ್ಲಪ್ಪನವು. ಈಗಾಣ ಕಾಲಲ್ಲಿ ಒಂದು ಕಾರಿಲಿ ಇಡೀ ಸರಕಾರ ಹೋಕು.

ಈ ಚುನಾವಣೆಯ ಕತೆ ಎನಗೆ ಪುಸ್ತಕಂದ ಸಿಕ್ಕಿದ್ದಲ್ಲ, ಅಜ್ಜಿಯ ಬಾಯಿಂದ. ಅಜ್ಜಿ ಹೇಳಿರೆ ಎನ್ನ ಅತ್ತೆಯ ಅತ್ತೆ. ಆನು ಮದುವೆ ಆಗಿ ಬಪ್ಪಗ ಎಂಬತ್ತರ ಹತ್ತರೆ. ಕಣ್ಣು ಮಂಜು, ನಾಲಗೆ ಹರಿತ. ಮಳೆಗಾಲಲ್ಲಿ ಒಲೆ ಬುಡಲ್ಲಿ ಮಣೆ ಹಾಕಿ ಕೂದುಗೊಂಡು ಬೀಜದ ಬೊಂಡು ಸುಟ್ಟುಗೊಂಡು ಕತೆ ಹೇಳುಗು. ಎಂಗಳ ಊರಿಂದ ಓಟಿನ ಜಾಗೆಗೆ ನೆಡದು ಹೋಯೆಕ್ಕಾಗಿತ್ತಡ, ಕಾಡು ಹಾದಿ. ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು ಡಬ್ಬಿ. ಡಬ್ಬಿಯ ಮೇಲೆ ಗುರ್ತ ಅಂಟುಸಿರ್ತು, ಕಾಂಗ್ರೆಸ್ಸಿಂಗೆ ಜೋಡೆತ್ತು. ಚೀಟಿಲಿ ಎಂತದೂ ಬರವಲಿಲ್ಲೆ, ನವಗೆ ಬೇಕಾದ ಡಬ್ಬಿಯ ಒಳ ಹಾಕಿರಾತು. ಓದಲೆ ಬರೆಯಲೆ ಬಾರದ್ದೋರೇ ಹೆಚ್ಚು ಇಪ್ಪ ದೇಶಕ್ಕೆ ಮುಖ್ಯ ಚುನಾವಣಾ ಆಯುಕ್ತ ಸುಕುಮಾರ ಸೇನರ ಕಾಲಲ್ಲಿ ಮಾಡಿದ ಕ್ರಮ ಅದು.

"ಅಂಬಗ ನಿಂಗೊ ಯೇವ ಡಬ್ಬಿಗೆ ಹಾಕಿದ್ದಿ ಅಜ್ಜಿ?" ಹೇಳಿ ಆನು ಒಂದರಿ ಕೇಳಿದೆ. ಅಜ್ಜಿ ಬೊಂಡಿನ ಚೋಲಿಯ ಒಲಗೆ ಇಡ್ಕಿತ್ತು. "ಎನ್ನ ಹೆಸರೇ ಇತ್ತಿಲ್ಲೆ" ಹೇಳಿತ್ತು.

ಆದ್ದು ಹೀಂಗೆ. ಪಟ್ಟಿ ಬರಕ್ಕೊಂಬಲೆ ಜನ ಬಂದಿಪ್ಪಗ ಅಜ್ಜ ಜೆಗಿಲಿಲಿ ಕೂದಿತ್ತಿದ್ದ. ಅಜ್ಜಿ ಹಟ್ಟಿಲಿ ದನ ಕರವಲೆ ಹೋಗಿತ್ತು. ಮನೆಲಿ ಇಪ್ಪತ್ತೊಂದು ಕಳುದ ಹೆಮ್ಮಕ್ಕೊ ಎಷ್ಟು ಜನ ಹೇಳಿ ಕೇಳಿದವು. ಮೂರು ಜನ ಹೇಳಿದ ಅಜ್ಜ. ಹೆಸರೆಂತ? ಅಜ್ಜ ಹೇಳಿದ, "ಬರಕ್ಕೊಳ್ಳಿ, ಎನ್ನ ಅಬ್ಬೆ, ಎನ್ನ ಹೆಂಡತ್ತಿ, ಎನ್ನ ತಮ್ಮನ ಹೆಂಡತ್ತಿ." ಬಂದವ ಹಾಂಗೇ ಬರಕ್ಕೊಂಡು ಹೋದ. ಮತ್ತೆ ಪುನಾ ಬಂದನಡ, ಹಾಂಗೆ ಬರದರೆ ಆವ್ತಿಲ್ಲೆಡ, ಸರಿಯಾದ ಹೆಸರೇ ಬೇಕಡ ಹೇಳಿ. ಅಜ್ಜಂಗೆ ಕೋಪ ಬಂತು. ಮನೆ ಹೆಮ್ಮಕ್ಕಳ ಹೆಸರು ಸರಕಾರಕ್ಕೆ ಎಂತಗೆ ಹೇಳಿ ಕೇಳಿ ಕಳುಸಿದ.

ಇದು ಎಂಗಳ ಮನೆಯ ಒಂದು ತಮಾಷೆ ಹೇಳಿ ಗ್ರೇಶಿತ್ತಿದ್ದೆ ಆನು. ಮಗನ ಕಾಲೇಜಿನ ಪುಸ್ತಕಲ್ಲಿ ನೋಡುವಗ ಗೊಂತಾತು, ದೇಶಲ್ಲಿಡೀ ಹೀಂಗೇ ಆಯಿದು. ಇಂಥವರ ಹೆಂಡತ್ತಿ, ಇಂಥವರ ಅಬ್ಬೆ ಹೇಳಿ ಬರೆಸಿ, ಸ್ವಂತ ಹೆಸರು ಕೊಡದ್ದ ಹತ್ತತ್ರ 28 ಲಕ್ಷ ಹೆಮ್ಮಕ್ಕಳ ಹೆಸರಿನ ಆ ಚುನಾವಣೆಯ ಪಟ್ಟಿಂದ ತೆಗದವು. ಹೆಚ್ಚಿನವು ಉತ್ತರದ ರಾಜ್ಯಂಗಳವು, ಬಿಹಾರವುದೇ ಅದರಲ್ಲಿ ಇದ್ದು. ಸೇನರು ಹಾಂಗೆ ಮಾಡಿದ್ದು ಸರಿಯೇ ಹೇಳಿ ಎನಗೆ ಕಾಣ್ತು. ಹೆಸರಿಲ್ಲದ್ದ ಓಟು ಆರುದೇ ಹಾಕುಗು. ಮುಂದಾಣ ಸರ್ತಿ ಆದರೂ ಹೆಸರು ಹೇಳುಗು ಹೇಳಿ ಅವರ ಲೆಕ್ಕ, ಅದು ಹಾಂಗೇ ಆತುದೇ. ಆದರೆ ಹೆಸರು ಹೋದೋರ ಒಲೆ ಬುಡಲ್ಲಿ ಕೂದು ನೋಡಿರೆ ಕತೆ ಬೇರೆ.

ಓಟಿನ ದಿನ ಅಜ್ಜ, ಅಜ್ಜನ ತಮ್ಮ, ಮತ್ತೆ ಕೆಲಸದವು ಸೇರಿ ಹೆರಟವು. ಅಜ್ಜಿ ಅವಕ್ಕೆ ಬಾಳೆಲೆಲಿ ಬುತ್ತಿ ಕಟ್ಟಿತ್ತು. ತೋಟದ ಕೆಲಸಕ್ಕೆ ಬಪ್ಪ ಹೆಣ್ಣಾಳಿಂಗೂ ಓಟಿತ್ತು, ಅದು ತನ್ನ ಹೆಸರಿನ ತಾನೇ ಹೇಳಿ ಬರೆಶಿತ್ತಡ, ಅದರ ಪರವಾಗಿ ಮಾತಾಡ್ಲೆ ಜೆಗಿಲಿಲಿ ಆರೂ ಇತ್ತಿದ್ದವಿಲ್ಲೆ! ಹೊಸ ಸೀರೆ ಸುತ್ತಿ, ಬುತ್ತಿ ಹಿಡ್ಕೊಂಡು ಅದು ಜಾಲು ಇಳುದು ಹೋಪದರ ಅಜ್ಜಿ ಹಟ್ಟಿಯ ಬಾಗಿಲಿಲಿ ನಿಂದು ನೋಡಿತ್ತಡ. ಅಜ್ಜನ ಹತ್ತರೆ, "ಎನಗೆ ಇಲ್ಲೆಯಾ?" ಹೇಳಿ ಕೇಳಿತ್ತು. "ಆನು ಹಾಕಿರೆ ಸಾಲದಾ? ಒಂದೇ ಮನೆ ಅಲ್ಲದಾ" ಹೇಳಿದನಡ ಅಜ್ಜ. ನಲುವತ್ತು ವರ್ಷ ಕಳುದು ಅಜ್ಜಿ ಎನಗೆ ಇದರ ಹೇಳುವಗಳೂ ಆ ಮಾತಿನ ಅಜ್ಜನ ಸ್ವರಲ್ಲೇ ಹೇಳಿತ್ತು.

ಒಂದು ಮಾತು ಮಧ್ಯಲ್ಲಿ. ನಮ್ಮ ಭಾಷೆಲಿ ಹೆಮ್ಮಕ್ಕಳ "ಅದು" ಹೇಳಿಯೇ ಹೇಳುದು, ನೋಡಿದ್ದಿರಾ? ಗೆಂಡುಮಕ್ಕೊ ಬಂದರೆ "ಬಂದ", ಹೆಮ್ಮಕ್ಕೊ ಬಂದರೆ "ಬಂತು". ಕಂಜಿ ಬಂದರೂ "ಬಂತು". ಆನು ಇದರ ಮೇಲೆ ಚಳುವಳಿ ಮಾಡ್ತಿಲ್ಲೆ, ಅಬ್ಬೆಯ ಭಾಷೆ, ಕೆಮಿಗೆ ಸೀವು. ಆದರೆ ಹೆಸರು ಬೇಕು ಹೇಳಿ ಸರಕಾರ ಬಂದು ಕೇಳುವಗ ಅಜ್ಜಂಗೆ ಅದು ವಿಚಿತ್ರ ಕಂಡದು ಎಂತಗೆ ಹೇಳಿ ರಜ ಗೊಂತಾವ್ತು. ಅಜ್ಜಿಯ ಹೆಸರೆಂತ ಹೇಳಿ ನಿಂಗೊ ಕೇಳುವಿ. ಬರೆವ ಹೇಳಿ ಇತ್ತು, ಮನೆ ಜನರ ಹೆಸರು ಇಂಟರ್ನೆಟ್ಟಿಲಿ ಹಾಕೆಡ ಹೇಳಿ ಎಂಗಳ ಮನೆಯವು ಹೇಳಿದವು. ಇದಾ, ಎನ್ನ ಕೈಂದಲೂ ಅದೇ ಆತು!

ನಮ್ಮ ಕೊಡಗಿನ ಗೌರಮ್ಮನ ನೋಡಿ. ನಮ್ಮ ಬಳಗಲ್ಲಿ ಅವರ ಹೆಸರು ಗೊಂತಿಲ್ಲದ್ದೋರು ಕಮ್ಮಿ. ಸುಂಟಿಕೊಪ್ಪದ ತೋಟದ ಮನೆಲಿ ಇದ್ದುಗೊಂಡು ಕತೆ ಬರದವು. 1934ಲ್ಲಿ ಗಾಂಧೀಜಿ ಕೊಡಗಿಂಗೆ ಬಂದಿಪ್ಪಗ, ಅವು ಎನ್ನ ಮನಗೆ ಬಾರದ್ರೆ ಉಂಬಲಿಲ್ಲೆ ಹೇಳಿ ಉಪವಾಸ ಕೂದವು. ಗಾಂಧೀಜಿ ಬರೆಕ್ಕಾತು, ಬಂದವು. ಗೌರಮ್ಮ ಮೈಮೇಲಾಣ ಚಿನ್ನವ ಹರಿಜನ ನಿಧಿಗೆ ಬಿಚ್ಚಿ ಕೊಟ್ಟವು, ತಾಳಿ, ಕೆಮಿಯದ್ದು, ಮೂಗಿನದ್ದು ಮಾತ್ರ ಮಡಿಕ್ಕೊಂಡವು. ಮನೆ ಒಳ ಕೂದುಗೊಂಡು ಅಷ್ಟು ದೊಡ್ಡ ರಾಜಕೀಯ ಮಾಡಿದ ಆ ಹೆಮ್ಮಕ್ಕಳೂ ಕತೆಯ ಕೆಳ ಬರಕ್ಕೊಂಡದು ಗೆಂಡನ ಹೆಸರು ಹಿಡುದು, ಮಿಸೆಸ್ ಬಿ.ಟಿ.ಜಿ. ಕೃಷ್ಣ ಹೇಳಿ. 1939ಲ್ಲಿ, ಇಪ್ಪತ್ತೇಳು ವರ್ಷಲ್ಲಿ, ನೀರಿಲಿ ಮುಳುಗಿ ತೀರಿ ಹೋದವು. ಓಟಿನ ಕಾಲ ಅವು ಕಂಡಿದವಿಲ್ಲೆ.

ಪುನಾ ಅಜ್ಜಿಯ ಹತ್ತರೆ ಬಪ್ಪ.

ಮುಂದಾಣ ಚುನಾವಣೆಗೆ ಪಟ್ಟಿಯವ ಬಪ್ಪ ಸುದ್ದಿ ಸಿಕ್ಕಿಪ್ಪಗ ಅಜ್ಜಿ ಹಟ್ಟಿಗೆ ಹೋಯಿದಿಲ್ಲೆ. ಜೆಗಿಲಿಲಿ ಕೂದು ಹಿಡಿಸೂಡಿಗೆ ಕಡ್ಡಿ ಕೆರಸಿಗೊಂಡಿತ್ತಡ. ಅವ ಬಂದಪ್ಪದ್ದೆ, ಅಜ್ಜ ಬಾಯಿ ತೆಗವ ಮದಲೇ, ತನ್ನ ಹೆಸರಿನ ಆಚಕರೆಗೆ ಕೇಳುವ ಹಾಂಗೆ ಹೇಳಿತ್ತು. ಅತ್ತೆಯ ಹೆಸರು, ಓರಗಿತ್ತಿಯ ಹೆಸರನ್ನೂ ಅದುವೇ ಹೇಳಿತ್ತು. 1957ಲ್ಲಿ ಮೂರು ಜನವೂ ಒಟ್ಟಿಂಗೆ ಹೋಗಿ ಓಟು ಹಾಕಿಕ್ಕಿ ಬಂದವು. ಆದರೆ ಯೇವ ವಿಧಾನಸಭೆಗೆ ಹೇಳಿ ಅಜ್ಜಿಗೆ ಆಸೆ ಇದ್ದತ್ತೋ, ಮಡಿಕೇರಿಯ 24 ಜನರದ್ದು, ಅದು ಅಷ್ಟಪ್ಪಗ ಇತ್ತಿಲ್ಲೆ.

ಎಂತ ಆತು ಹೇಳಿರೆ, 1953ರ ಅಕೇರಿಗೆ ಫಜಲ್ ಅಲಿ, ಕುಂಜ್ರು, ಪಣಿಕ್ಕರ್ ಹೇಳಿ ಮೂರು ಜನರ ರಾಜ್ಯ ಪುನರ್ವಿಂಗಡಣಾ ಆಯೋಗ ಮಾಡಿದವು. 1955ಲ್ಲಿ ಅವು ವರದಿ ಕೊಟ್ಟವು, ಕೊಡಗು ಕನ್ನಡದ ರಾಜ್ಯಕ್ಕೆ ಸೇರಲಿ ಹೇಳಿ. 1956 ನವೆಂಬರ 1ಕ್ಕೆ ಸೇರಿತ್ತು. ಅಜ್ಮೀರ ರಾಜಸ್ಥಾನಕ್ಕೆ, ಭೋಪಾಲ ಮಧ್ಯಪ್ರದೇಶಕ್ಕೆ ಸೇರಿದ್ದೂ ಅದೇ ದಿನ. ಹಿಮಾಚಲ ಮಾತ್ರ ಹೇಂಗೋ ಸುದಾರ್ಸಿಗೊಂಡು 1971ಲ್ಲಿ ಪೂರ್ಣ ರಾಜ್ಯ ಆತು. ನಾವು ನವೆಂಬರ 1ಕ್ಕೆ ಶಾಲೆಲಿ ಹಳದಿ ಕೆಂಪು ಬಾವುಟ ಹಿಡುದು ಹಾಡಿದೋರು. ಆ ದಿನಲ್ಲಿ ಒಂದು ಸಣ್ಣ ರಾಜ್ಯ ಮುಗುದತ್ತು ಹೇಳಿ ಎನಗೆ ಮದುವೆ ಆಗಿ ಬಪ್ಪನ್ನಾರ ಆರೂ ಹೇಳಿದ್ದವಿಲ್ಲೆ.

ಸೇರಿದ್ದು ತಪ್ಪು ಹೇಳಿ ಆನು ಹೇಳ್ತಿಲ್ಲೆ, ಜಗಳ ಮಾಡೆಡಿ. ಅಜ್ಜ ಸೇರೆಕ್ಕು ಹೇಳುವ ಪಕ್ಷ. ಕನ್ನಡದವು ಎಲ್ಲ ಒಂದಾಯೆಕ್ಕು ಹೇಳುದು ಅಂಬಗ ದೊಡ್ಡ ಕನಸು, ಎಂಗಳ ಹಾಂಗಿಪ್ಪ ಮನಗಕ್ಕೆ ನೆಂಟರು ಪೂರಾ ಘಟ್ಟದ ಕೆಳ. ಎರಡೂ ಕಾಲು ಲಕ್ಷ ಜನರ ರಾಜ್ಯ ಕಾಲೇಜು, ಆಸ್ಪತ್ರೆ, ಕರೆಂಟು ಹೇಳಿ ಎಷ್ಟು ದಿನ ತನ್ನಷ್ಟಕ್ಕೆ ಮಾಡ್ಳೆಡಿಗು ಹೇಳುದೂ ಒಂದು ಮಾತೇ. ಆಚಕರೆ ಗೌಡ್ರ ಮನೆಲಿ ಆ ಕಾಲಲ್ಲಿ ಅಣ್ಣ ತಮ್ಮಂದ್ರೊಳವೇ ಎರಡು ಪಕ್ಷ ಆಗಿ, ಒಬ್ಬ ತಕ್ಕಡಿ, ಒಬ್ಬ ಜೋಡೆತ್ತು, ಒಂದು ವರ್ಷ ಒಂದೇ ಹಂತಿಲಿ ಉಂಡಿದವಿಲ್ಲೆಡ. ಕೊಡವರ ಮನಗಳಲ್ಲಿ ಬೇಜಾರ ಮತ್ತೂ ಹೆಚ್ಚು, ಅವರ ಭಾಷೆ ಬೇರೆ, ಕ್ರಮ ಬೇರೆ. ಈಗಳೂ ಸ್ವಾಯತ್ತತೆ ಬೇಕು ಹೇಳಿ ಕೇಳುವವು ಇದ್ದವು.

ಆದರೆ ಸೇರುವಗ ಎಂತೆಲ್ಲ ಹೋತು ಹೇಳಿ ಲೆಕ್ಕ ಮಡುಗದ್ದೆ ಇಪ್ಪಲೆ ಎಡಿಯ. ಮನೆ ಲೆಕ್ಕ ಬರವೋರಲ್ಲದಾ ನಾವು. ಮಡಿಕೇರಿಯ 24 ಸದಸ್ಯರ ಬದಲಿಂಗೆ ಬೆಂಗ್ಳೂರಿಲಿ ಬೆರಳಿಲಿ ಲೆಕ್ಕ ಹಾಕುವಷ್ಟು ಶಾಸಕರು. ಆನು ಬಂದ ಮತ್ತೆ ಸುಮಾರು ವರ್ಷ ಮೂರು ಇತ್ತಿದ್ದವು, ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆ. 2008ಲ್ಲಿ 2001ರ ಜನಗಣತಿ ನೋಡಿ ಕ್ಷೇತ್ರಂಗಳ ಪುನಾ ಹಂಚುವಗ ಒಂದು ಹೋತು. ಈಗ 224 ಜನರಲ್ಲಿ ಎಂಗಳವು ಎರಡು. ಲೋಕಸಭೆಗೆ 1952ಲ್ಲಿ ಕೊಡಗಿನದ್ದೇ ಸೀಟಿತ್ತು, ನಿಡ್ಯಮಲೆ ಸೋಮಣ್ಣನವು ಗೆದ್ದಿತ್ತಿದ್ದವು. ಮತ್ತೆ ಎಂಗಳ ಮಂಗಳೂರಿಂಗೆ ಸೇರುಸಿದವು, 2009ರ ಚುನಾವಣೆಂದ ಮೈಸೂರಿಂಗೆ. ಅಪ್ಪನ ಮನೆ ಇಲ್ಲದ್ದ ಕೂಸಿನ ಹಾಂಗೆ, ಒಂದರಿ ಚಿಕ್ಕಪ್ಪನಲ್ಲಿ, ಒಂದರಿ ಸೋದರಮಾವನಲ್ಲಿ. ಪೂಣಚ್ಚನವೇ 1967ಲ್ಲಿ ಮಂಗಳೂರಿಂದ ಗೆದ್ದು ದೇಶದ ರೈಲ್ವೇ ಮಂತ್ರಿ ಆದವು. ರೈಲೇ ಇಲ್ಲದ್ದ ಜಿಲ್ಲೆಯ ಮನುಷ್ಯ ಇಡೀ ದೇಶದ ರೈಲು ಓಡುಸಿದವು! ಕೊಡಗಿಂಗೆ ಇಂದಿಂಗೂ ರೈಲು ಬಯಿಂದಿಲ್ಲೆ. (ಬಪ್ಪದು ಬೇಡ ಹೇಳುವವರಲ್ಲಿ ಆನೂ ಒಬ್ಬ. ಗುಡ್ಡೆ ಜರುದದು ಸಾಕು.)

ಸಿಕ್ಕಿಮಿನ ನೋಡಿ. 2011ರ ಜನಗಣತಿಲಿ ಅಲ್ಲಿ 6,10,577 ಜನ, ಕೊಡಗಿಲಿ 5,54,519. ಹತ್ತತ್ರ ಒಂದೇ ಲೆಕ್ಕ. ಸಿಕ್ಕಿಮಿಲಿ 32 ಶಾಸಕರು, ಒಬ್ಬ ಲೋಕಸಭೆಗೆ, ಒಬ್ಬ ರಾಜ್ಯಸಭೆಗೆ. ಲಕ್ಷದ್ವೀಪಲ್ಲಿ ಜನ ಒಂದು ಲಕ್ಷವೂ ಇಲ್ಲೆ, ಅವಕ್ಕೂ ಒಬ್ಬ ಎಂ.ಪಿ. ಅವಕ್ಕೆ ಎಂತಗೆ ಹೇಳಿ ಎನಗೆ ಹೊಟ್ಟೆಕಿಚ್ಚಿಲ್ಲೆ. ಸಣ್ಣೋರಿಂಗೂ ಒಂದು ಬಾಳೆ ಮಡುಗೆಕ್ಕು ಹೇಳಿ ಈ ದೇಶಕ್ಕೆ ಗೊಂತಿದ್ದು ಹೇಳಿ ಆತನ್ನೆ, ಮತ್ತೆ ಲೆಕ್ಕ ಮಾತ್ರ ಎಂತಗೆ ಹೇಳುದು.

ಬೆಂಗ್ಳೂರಿನ ನೆಂಟ ಹೇಳಿದ್ದರಲ್ಲೂ ಒಂದು ಸತ್ಯ ಇದ್ದು, ಅದರ ಮುಚ್ಚಿ ಮಡುಗುಲೆ ಆಗ. ಅವನ ಒಂದು ಓಟಿಂಗೆ ಎನ್ನ ಒಂದು ಓಟಿಂದ ಬೆಲೆ ಕಮ್ಮಿ ಆಯೆಕ್ಕು ಹೇಳಿ ಹೇಂಗೆ ಹೇಳ್ತೆ ಆನು? ಆದರೆ ಜನ ಹೆಚ್ಚಿಪ್ಪಲ್ಲಿಗೆ ಮಾತು ಹೆಚ್ಚು, ಕಮ್ಮಿ ಇಪ್ಪಲ್ಲಿಗೆ ಕಮ್ಮಿ ಹೇಳಿ ಒಂದೇ ಮಾನಲ್ಲಿ ಅಳದರೆ ನಮ್ಮ ಹಾಂಗಿಪ್ಪ ಜಾಗೆಗೊ ಪ್ರತಿ ಸರ್ತಿ ಕಿರುದಾವ್ತಾ ಹೋವ್ತು. 2001ಂದ 2011ಕ್ಕೆ ಕೊಡಗಿಲಿ ಏರಿದ್ದು ಆರು ಸಾವಿರಕ್ಕೂ ಕಮ್ಮಿ ಜನ. ಮಕ್ಕೊ ಪೂರಾ ಬೆಂಗ್ಳೂರಿಲಿ. ಮನೆ, ಮರ, ಹೊಳೆ ಇಲ್ಲಿ. ಬೆಂಗ್ಳೂರಿಂಗೆ ಹೋಪ ಕಾವೇರಿ ಹುಟ್ಟುದು ತಲಕಾವೇರಿಲಿ, ಹೊಳಗೆ ಓಟಿಲ್ಲೆನ್ನೆ. 2018ರ ಆಗಸ್ಟಿಲಿ ಜೋಡುಪಾಲ, ಮೊಣ್ಣಂಗೇರಿ ಹೊಡೆಲಿ ಗುಡ್ಡೆ ಜರುದು, ಮಡಿಕೇರಿ ಮಾರ್ಗ ಕಡುದು ಹೋಗಿಪ್ಪಗ ಜಿಲ್ಲೆಯ ಆಫೀಸಿಂಗೆ ಹೋಪಲೆ ಎಂಗೊಗೆ ಹಾದಿಯೇ ಇತ್ತಿಲ್ಲೆ. ಇಪ್ಪತ್ತನಾಲ್ಕು ಜನ ಕೇಳುವದಕ್ಕೂ ಎರಡು ಜನ ಕೇಳುವದಕ್ಕೂ ವ್ಯತ್ಯಾಸ ಇದ್ದು. ಜೆಂಬ್ರಲ್ಲಿ ಹಂತಿಯ ಕೊಡೀಲಿ ಕೂದೋರಿಂಗೆ ಪಾಯಸ ಎತ್ತುವಗ ಅಳಗೆ ಅಡಿ ಕಾಣ್ತು ಹೇಳಿ ಬಡುಸಿ ಗೊಂತಿಪ್ಪೋರಿಂಗೆ ಆನು ಬಿಡುಸಿ ಹೇಳೆಕ್ಕು ಹೇಳಿ ಇಲ್ಲೆ.

ಇನ್ನೊಂದು ಇದ್ದು, ಇದರ ಆ ದಿನ ಜೆಗಿಲಿಲಿ ಆರೂ ಮಾತಾಡಿದ್ದವಿಲ್ಲೆ. ಲೋಕಸಭೆ, ವಿಧಾನಸಭೆಲಿ ಮೂರರಲ್ಲಿ ಒಂದು ಪಾಲು ಸೀಟು ಹೆಮ್ಮಕ್ಕೊಗೆ ಹೇಳಿ 2023ಲ್ಲಿ ಕಾನೂನು ಆತು. ನಿಂಗೊಗೆಲ್ಲ ನೆಂಪಿಕ್ಕು, ಟಿ.ವಿ.ಲಿ ಎಲ್ಲ ಪಕ್ಷದವುದೇ ಸೀವು ತಿಂದದು. ಅದು ಜಾರಿಗೆ ಬಪ್ಪದು ಯೇವಗ? ಜನಗಣತಿ ಆಗಿ, ಅದರ ಮೇಲೆ ಕ್ಷೇತ್ರ ಪುನರ್ವಿಂಗಡಣೆ ಆದ ಮತ್ತೆ. ಹೇಳಿರೆ ನಮ್ಮ ಪಾಲು ಎಲ್ಲೋರೂ ಹೆದರಿಗೊಂಡಿಪ್ಪ ಅದೇ ಗಂಟಿಲಿ ಇದ್ದು. ಹೆಮ್ಮಕ್ಕೊಗೆ ಸೀಟು ಬೇಕಾದರೆ ದಕ್ಷಿಣಕ್ಕೆ ನಷ್ಟ ಅಕ್ಕು, ನಷ್ಟ ಬೇಡ ಹೇಳಿರೆ ಹೆಮ್ಮಕ್ಕೊ ಕಾಯೆಕ್ಕು ಹೇಳುವ ಹಾಂಗೆ. ಎರಡನ್ನೂ ಒಂದೇ ಹಗ್ಗಲ್ಲಿ ಕಟ್ಟೆಕ್ಕು ಹೇಳಿ ಎಂತ ಇತ್ತು? ಇಪ್ಪ ಸೀಟಿಲೇ ಮೂರರಲ್ಲಿ ಒಂದು ಕೊಡ್ಲೆ ಆವ್ತಿತ್ತಿಲ್ಲೆಯಾ? ಕೊಡಗಿಲಿ ಆದರೆ ಸಾವಿರ ಗೆಂಡುಮಕ್ಕೊಗೆ 1,019 ಹೆಮ್ಮಕ್ಕೊ, 2011ರ ಲೆಕ್ಕ. ತಲೆ ಲೆಕ್ಕವೇ ಮುಖ್ಯ ಹೇಳುವೋರು ಈ ಲೆಕ್ಕವ ಎಂತ ಮಾಡ್ತವು ಹೇಳಿ ಆ ನೆಂಟನತ್ರೆ ಕೇಳೆಕ್ಕು ಹೇಳಿ ಇದ್ದು.

ಎರಡೇ ಸೀಟಿಪ್ಪ ಜಿಲ್ಲೆಲಿ ಮೂರರಲ್ಲಿ ಒಂದು ಹೇಳಿರೆ ಎಷ್ಟು ಹೇಳಿ ಸೊಸೆ ಕೇಳಿತ್ತು. ಗೌಡ್ರ ಅಕ್ಕ, "ಮುಕ್ಕಾಲಿಂದ ಕಮ್ಮಿ, ಒಂದು ಹೆಣ್ಣಿಂಗೆ ಹಿಡಿಯ" ಹೇಳಿತ್ತು. ಎಂಗೊ ಮೂರು ಜನವೂ ಹೊಗೆಲಿ ಕಣ್ಣೀರು ಬಪ್ಪನ್ನಾರ ನೆಗೆ ಮಾಡಿದೆಯೊ°. ಮದಲು ವಿರಾಜಪೇಟೆಂದ ಸುಮಾ ವಸಂತ್ ಹೇಳುವವು ಗೆದ್ದು ಮಂತ್ರಿಯೂ ಆಗಿತ್ತಿದ್ದವು, ಮೀಸಲಾತಿ ಹೆಮ್ಮಕ್ಕೊಗೆ ಇಲ್ಲದ್ದ ಕಾಲಲ್ಲೇ. ಅದರ ಮತ್ತೆ ಆರಿದ್ದವು ಹೇಳಿ ಮೂರು ಜನವೂ ಗ್ರೇಶಿದೆಯೊ°, ಹಪ್ಪಳ ಕರಂಚಿತ್ತು.

ಅಜ್ಜಿ 1957ಂದ ಮತ್ತೆ ಒಂದು ಓಟನ್ನೂ ಬಿಟ್ಟಿದಿಲ್ಲೆ. 1962ಂದ ಬೆರಳಿಂಗೆ ಹಾಕುವ ಶಾಯಿ ಮೈಸೂರಿನ ಕಾರ್ಖಾನೆಂದ ಬಪ್ಪಲೆ ಸುರುವಾತು. "ಕೊಡಗಿನ ಮೈಸೂರಿಂಗೆ ಕೊಟ್ಟದಕ್ಕೆ ಸಿಕ್ಕಿದ್ದು ಇದು" ಹೇಳಿ ಬೆರಳು ತೋರ್ಸುಗು. ಎನ್ನ ಮದಲಾಣ ಓಟು 1989ಲ್ಲಿ, ಅದೇ ವರ್ಷ ಓಟಿನ ಪ್ರಾಯ 21ಂದ 18ಕ್ಕೆ ಇಳುಸಿದ್ದು. ಅದರ ಅಪ್ಪನ ಮನೆಲಿ ಹಾಕಿದ್ದೆ. ಇಲ್ಲಿಗೆ ಬಂದ ಮತ್ತಾಣ ಮದಲಾಣ ಓಟಿಂಗೆ ಅಜ್ಜಿಯ ಕೈ ಹಿಡುದು ಕರಕ್ಕೊಂಡು ಹೋದ್ದು ಆನು. ಆರಿಂಗೆ ಹಾಕಿದ್ದು ಹೇಳಿ ಅಜ್ಜಿ ಎನ್ನತ್ರೆ ಹೇಳಿದ್ದಿಲ್ಲೆ, ಎನ್ನತ್ರೆ ಕೇಳಿದ್ದೂ ಇಲ್ಲೆ. ಅಜ್ಜಂಗಂತೂ ಯೇವತ್ತೂ ಹೇಳಿತ್ತಿಲ್ಲೆಡ. ಒಂದೇ ಮನೆ ಅಲ್ಲದಾ ಹೇಳಿ ಅವ ಕೇಳಿರೆ, "ಡಬ್ಬಿ ಬೇರೆ ಬೇರೆ" ಹೇಳುಗಡ.

ಹೇಳ್ಲೆ ಮರದೆ, ಸೊಸೆ ಬಂದದು ಕಾಸರಗೋಡು ಹೊಡೆಂದ. ಮದುವೆ ಆಗಿ ವರ್ಷ ಆತು, ಓಟಿನ ಹೆಸರು ಇನ್ನೂ ಕೇರಳದ ಪಟ್ಟಿಲೇ ಇದ್ದು. ಬಿಹಾರದ ಸುದ್ದಿ ಕೇಳಿದ್ದೇ ಸೈ, ಆ ಇರುಳೇ ಮಗನತ್ರೆ ಹೇಳಿದೆ. ಕರೆಂಟು ಬರಲಿ, ಎನ್ನ ಮೊಬೈಲಿಲೇ ಫಾರ್ಮು 8 ತುಂಬುಸಿ ಕಳುಸುತ್ತೆ ಹೇಳಿದ ಅವ. ನೀನು ತುಂಬುಸೆಡ, ಅದಕ್ಕೆ ಕೈ ಇದ್ದು ಹೇಳಿದೆ.

ಕರೆಂಟು ಬಂದದು ನಾಲ್ಕನೇ ದಿನ ಹೊತ್ತೋಪಗ. ಸೊಸೆ ಮೊಬೈಲು ಚಾರ್ಜಿಂಗೆ ಹಾಕಿಕ್ಕಿ, ಮಿಕ್ಸಿಲಿ ದೋಸಗೆ ಕಡದು ಮಡುಗಿಕ್ಕಿ, ಅಡಿಗೆಮನೆ ಮೆಟ್ಲಿಲಿ ಕೂದು ಫಾರ್ಮು ತುಂಬುಸುಲೆ ಸುರು ಮಾಡಿತ್ತು. ಹೆಸರಿನ ಎದುರು ಅಪ್ಪನ ಮನೆ ಇನಿಶಿಯಲ್ಲು ಒಳುಶುದಾ, ಇಲ್ಯಾಣದ್ದು ಹಾಕುದಾ ಹೇಳಿ ಎನ್ನತ್ರೆ ಕೇಳಿತ್ತು. ಎನ್ನ ಕೈ ಹಿಟ್ಟಿಲಿ ಇತ್ತು. ನಿನಗೆ ಯೇವದು ಬೇಕೋ ಅದರ ಬರೆ ಹೇಳಿದೆ.